ಕೊಡದ ದನಿ

ಒದ್ದೆ ಹತ್ತಿ ಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಾಗ ಒಂದು ವಾಸನೆ ಏಳುತ್ತದೆ. ಸ್ವಲ್ಪ ಸುಟ್ಟಂತೆ, ಸ್ವಲ್ಪ ಸೋಪಿನಂತೆ. ನನ್ನ ಬಾಲ್ಯವೆಲ್ಲ ಆ ವಾಸನೆಯೇ. ಅಮ್ಮ ಬೀದಿಯವರ ಬಟ್ಟೆಗೆಲ್ಲ ಇಸ್ತ್ರಿ ಹಾಕಿ ನನ್ನನ್ನು ಕಾಲೇಜಿಗೆ ಕಳಿಸಿದಳು. ನಾನು ಟೀಚರಾದೆ, ನಿವೃತ್ತಳೂ ಆದೆ. ಬೀದಿ ಮಾತ್ರ ಬಿಡಲಿಲ್ಲ.

ಈಗ ನಮ್ಮ ಮನೆಯ ಎದುರಿಗೆ ದೊಡ್ಡ ಲಾಂಡ್ರಿ. ಹೋಟೆಲು, ಆಸ್ಪತ್ರೆಗಳ ಹಾಸುಬಟ್ಟೆ ಅಲ್ಲಿಗೆ ಬರುತ್ತದೆ. ಕಾದ ರೋಲರಿನಿಂದ ಹೊರಬೀಳುವ ಬಟ್ಟೆಯನ್ನು ಇಬ್ಬರು ಹೆಂಗಸರು ಮೂಲೆ ಹಿಡಿದು ಎಳೆಯಬೇಕು. ಮುಂಗೈ ಮೇಲೆ ಸುಟ್ಟ ಗೆರೆ ಇಲ್ಲದವರು ಅಲ್ಲಿ ಯಾರೂ ಇಲ್ಲ. ಧೂಳು ಬರುತ್ತದೆಂದು ಕಿಟಕಿ ಮುಚ್ಚಿರುತ್ತಾರೆ. ನೀರಿಗೆಂದು ಎದ್ದರೆ "ಮತ್ತೆ ಬಾಯಾರಿಕೆಯಾ?" ಎಂದು ಮೇಸ್ತ್ರಿ ಕೇಳುತ್ತಾನೆ.

ಯಂತ್ರದ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಪಕ್ಕದವಳಿಗಾದರೆ ಕೂಗುತ್ತಾರೆ. ದೂರದವಳಿಗೆ ಬರೀ ತುಟಿ ಆಡಿಸುತ್ತಾರೆ. ಆ ತುದಿಯವಳು ತುಟಿ ನೋಡಿಯೇ ಎಲ್ಲ ತಿಳಿದುಕೊಂಡು ನಗುತ್ತಾಳೆ. ಮೇಸ್ತ್ರಿಯನ್ನು ಅವನೆದುರಿಗೇ ಬೈಯುವುದಕ್ಕೂ ಇದು ಅನುಕೂಲ.

ಬಟ್ಟೆ ಮಡಚುವ ಮೇಜಿನಲ್ಲಿ ಒಬ್ಬ ಹುಡುಗಿ ಇದ್ದಳು. ಊಟದ ಬಿಡುವಿನಲ್ಲಿ ಏನಾದರೂ ಬರೆಯುತ್ತಿದ್ದಳು. ಎಲ್ಲರೂ ಅವಳನ್ನು 'ಕಥೆ' ಎಂದೇ ಕರೆಯುತ್ತಿದ್ದರು. ಎರವಲು ತಂದ ಕ್ಯಾಮೆರಾದಲ್ಲಿ ಅವಳು ಲಾಂಡ್ರಿಯ ಹೆಂಗಸರ ಬಗ್ಗೆಯೇ ಒಂದು ಸಿನಿಮಾ ಮಾಡಿದಳು. ನನ್ನನ್ನೂ ಅಜ್ಜಿಯ ಪಾತ್ರಕ್ಕೆ ಎಳೆದುಕೊಂಡು ಹೋದಳು. ಅವರ ಜೊತೆ ಇದ್ದೂ ಇದ್ದೂ ತುಟಿ ನೋಡಿ ಮಾತು ತಿಳಿಯುವುದು ನನಗೂ ಬಂತು.

"ನಾನು ಬರೆದ ಮಾತು ಮರೆತುಬಿಡಿ," ಎಂದಿದ್ದಳು. "ದಿನಾ ಹೇಗೆ ಮಾತಾಡ್ತೀರೋ ಹಾಗೇ ಮಾತಾಡಿ."

ಮಾತಾಡಿದೆವು. ಆದರೆ ರೆಕಾರ್ಡಾಗಿದ್ದು ಯಂತ್ರದ ಆರ್ಭಟ. ಸದ್ದಿಲ್ಲದ ಕೋಣೆಯಲ್ಲಿ ನಿಂತು, ಪರದೆಯ ಮೇಲಿನ ನಮ್ಮದೇ ತುಟಿ ನೋಡಿಕೊಂಡು ಮತ್ತೆ ದನಿ ಕೊಡಬೇಕಿತ್ತು. ಅದಕ್ಕೆ ದುಡ್ಡಿರಲಿಲ್ಲ.

ಆಗ ಬಂದವರು ಪ್ರೊಡ್ಯೂಸರ್. ಲಾಂಡ್ರಿ ಮಾಲೀಕನ ಸ್ನೇಹಿತರು. ನೆಲದ ಮೇಲೆ ಕೂತು ನಮ್ಮ ಜೊತೆ ಟೀ ಕುಡಿದರು. "ಮಗಳೇ, ಮಿಕ್ಕಿದ್ದು ನನಗೆ ಬಿಡು," ಎಂದರು. ಇಡೀ ಸಿನಿಮಾ ತುಂಬಿಟ್ಟಿದ್ದ, ತನ್ನಲ್ಲಿದ್ದ ಒಂದೇ ಡಿಸ್ಕನ್ನು ಕಥೆ ಅವರ ಕೈಗಿಟ್ಟಳು. ಇನ್ನೊಂದು ಪ್ರತಿ ಇರಬೇಕೆಂದು ಅವಳಿಗೆ ಗೊತ್ತಿರಲಿಲ್ಲ ಎಂದಲ್ಲ. ಮಗಳೇ ಎಂದವರ ಹತ್ತಿರ, ಪ್ರತಿ ಮಾಡಿಕೊಂಡು ಕೊಡುತ್ತೇನೆ ಎನ್ನಲು ಸಂಕೋಚ.

ಈಗಲೂ ಸಿನಿಮಾದ ಹುಚ್ಚು ಹಿಡಿದ ಮಕ್ಕಳು, ನಾನೂ ಒಮ್ಮೆ ಪಾತ್ರ ಮಾಡಿದವಳೆಂದು, ನನ್ನ ಮನೆಗೆ ಬರುತ್ತಾರೆ. ಕ್ಯಾಮೆರಾದ ಬಗ್ಗೆ ನನಗೇನು ಗೊತ್ತು? ಆ ಸಂಕೋಚವನ್ನು ಮನೆಯಲ್ಲೇ ಬಿಟ್ಟು ಹೊರಡಿ ಎಂದಷ್ಟೇ ಹೇಳುತ್ತೇನೆ.

ವಾರದ ರಜೆಯ ದಿನ ನಮ್ಮನ್ನೆಲ್ಲ ಸ್ಟುಡಿಯೋಗೆ ಕರೆಸಿದರು. ಗಾಜಿನ ಈಚೆ ನಾವು, ಆಚೆ ಪ್ರೊಡ್ಯೂಸರ್, ಕಥೆ, ಮತ್ತು ಸೌಂಡ್ ನೋಡಿಕೊಳ್ಳುವ ನಡುವಯಸ್ಸಿನವನು. ನನಗೆ ನಿಲ್ಲಲಾಗದೆಂದು ಯಾರೂ ಹೇಳದಿದ್ದರೂ ಅವನು ಕುರ್ಚಿ ತಂದ. ಮೈಕನ್ನು ನನ್ನ ಬಾಯಿಯ ಮಟ್ಟಕ್ಕೆ ಇಳಿಸಿದ. ಹಳೆಯ ರೆಕಾರ್ಡಿಂಗ್ ಕೇಳಿ ನೋಡಿ ಎಂದು ಹೆಡ್‌ಫೋನನ್ನು ನನ್ನ ಕಿವಿಗೆ ಮೆಲ್ಲಗೆ ಇಟ್ಟ. ಆ ಆರ್ಭಟದ ಅಡಿಯಲ್ಲಿ ದೊಡ್ಡಕ್ಕನ ಕೂಗು ಒಂದೊಂದು ಮಾತೂ ಬಿಡದೆ ಕೇಳುತ್ತಿತ್ತು.

ದೊಡ್ಡಕ್ಕ ಎಂದರೆ ರೋಲರಿನ ಹೆಂಗಸರಲ್ಲಿ ಹಿರಿಯಳು. ಪಕ್ಕದಲ್ಲಿ ಗುಂಗುರು ಕೂದಲಿನವಳು, ಅವಳ ಹೆಸರೂ ಗುಂಗುರೇ.

ದೀಪ ಆರಿತು. ಪರದೆಯ ಮೇಲೆ ಹೆಸರುಗಳು ಬಂದವು. ಗುಂಗುರು ಗಟ್ಟಿಯಾಗಿ ಓದಿದಳು. "ಕಥೆ, ನಿರ್ದೇಶನ... ಇದ್ಯಾರೇ ಇವನು?"

ಪ್ರೊಡ್ಯೂಸರ್ ದನಿ ಸ್ಪೀಕರಿನಲ್ಲಿ ಬಂತು. "ನಮ್ಮ ಅಳಿಯ ಕಣಮ್ಮ. ನೀವು ಮಾತು ಶುರು ಮಾಡಿ."

"ಅಳಿಯಂದಿರು ನಮ್ಮ ರೋಲರ್ ಹತ್ತಿರ ಯಾವತ್ತು ಬಂದಿದ್ರು?" ಎಂದಳು ದೊಡ್ಡಕ್ಕ. "ನಮ್ಮ ಹೆಸರೆಲ್ಲಿ?"

"ಮತ್ತಿತರರು ಅಂತ ಇದೆಯಲ್ಲ."

ಗಾಜಿನಾಚೆ ಕಥೆಯ ಮುಖ ಬಿಳಿಚಿಕೊಂಡಿತ್ತು. ಅವಳಿಗೂ ಗೊತ್ತಾದದ್ದು ಆಗಲೇ. "ಸರ್, ಇದು ನನ್ನದು," ಎಂದಳು.

"ಯಾರು ಇಲ್ಲ ಅಂದ್ರು? ಕೊನೇಲಿ 'ಸಹಾಯ' ಅಂತ ನಿನ್ನ ಹೆಸರು ಬರುತ್ತೆ. ಮೊದಲನೇ ಸಿನಿಮಾ, ಎಲ್ಲರಿಗೂ ಹೀಗೇ. ಡಿಸ್ಕ್ ನನ್ನ ಹತ್ರ ಇದೆ, ನೆನಪಿರಲಿ."

ಕೆಂಪು ದೀಪ ಹತ್ತಿತು. ಪರದೆಯ ಮೇಲೆ ದೊಡ್ಡಕ್ಕನ ತುಟಿಗಳು ಆಡಿದವು. ಕೋಣೆಯಲ್ಲಿ ನಿಂತ ದೊಡ್ಡಕ್ಕ ಬಾಯಿ ಬಿಡಲಿಲ್ಲ. ಮತ್ತೆ ಹಾಕಿದರು. ಮತ್ತೆ ಮೌನ.

"ಏನಮ್ಮ, ಗಂಟಲು ಕಟ್ಟಿದೆಯಾ? ಬಿಸಿನೀರು ತರಿಸ್ಲಾ?"

"ಗಂಟಲು ಚೆನ್ನಾಗೇ ಇದೆ ಸ್ವಾಮಿ. ಹೆಸರು ಸರಿ ಮಾಡಿ, ದನಿ ಬರುತ್ತೆ."

"ನಿಮ್ಮ ಮಾಲೀಕನಿಗೆ ಒಂದು ಫೋನ್ ಮಾಡಿದ್ರೆ ನಾಳೆಯಿಂದ ಕೆಲಸ ಇರಲ್ಲ. ಯೋಚನೆ ಮಾಡಿ."

ಯೋಚನೆ ಅವರ ಕಣ್ಣೆದುರಿಗೇ ನಡೆಯಿತು. ಗಾಜಿನಾಚೆಯಿಂದ ಕಥೆ ತುಟಿ ಆಡಿಸಿದಳು: ಬೇಡ ದೊಡ್ಡಕ್ಕ, ದನಿ ಕೊಟ್ಟುಬಿಡಿ, ಕೆಲಸ ಹೋಗುತ್ತೆ.

ದೊಡ್ಡಕ್ಕನ ತುಟಿ: ನೀನು ಸುಮ್ನಿರೇ.

ಗುಂಗುರಿನ ತುಟಿ: ನನ್ನ ಮನೇಲಿ ದುಡಿಯೋಳು ನಾನೊಬ್ಬಳೇ, ಅಕ್ಕ.

ದೊಡ್ಡಕ್ಕ ಅವಳತ್ತ ತಿರುಗಿದಳು. ಹಾಗಾದರೆ ನೀನು ಕೊಡು, ಯಾರೂ ಏನೂ ಅನ್ನಲ್ಲ, ಎಂದಿತು ಅವಳ ತುಟಿ.

ಗುಂಗುರು ಮೈಕಿನ ಮುಂದೆ ಹೋದಳು. ಅವಳು ಪರದೆಯತ್ತ ನೋಡಿದಳು, ಕಥೆಯತ್ತ ನೋಡಿದಳು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, ವಾಪಸ್ಸು ಬಂದು ದೊಡ್ಡಕ್ಕನ ಪಕ್ಕ ನಿಂತಳು.

"ಏನಯ್ಯಾ ಇದು, ಬಾಯಿ ಆಡ್ತಿದೆ, ಸದ್ದೇ ಬರ್ತಿಲ್ಲ. ಮೈಕ್ ಕೆಟ್ಟಿದೆಯಾ?" ಪ್ರೊಡ್ಯೂಸರ್ ರೇಗಿದರು.

"ಮೈಕ್ ಸರಿ ಇದೆ ಸರ್," ಎಂದ ಸೌಂಡಿನವನು.

"ಬೇರೆ ಹೆಂಗಸರನ್ನ ಕರೆಸು. ಹಳೇ ರೆಕಾರ್ಡಿಂಗ್ ಕೇಳಿ ಬರಕೊಂಡು ಇವರ ಮಾತು ಅವರ ಕೈಲಿ ಹೇಳಿಸೋಣ."

ಸೌಂಡಿನವನು ಹೆಡ್‌ಫೋನ್ ಹಾಕಿಕೊಂಡ. ಕಣ್ಣು ಮುಚ್ಚಿ ಕೇಳಿದ. ತೆಗೆದಿಟ್ಟ. "ಮೆಷಿನ್ ಸದ್ದು ಬಿಟ್ರೆ ಏನೂ ಕೇಳಲ್ಲ ಸರ್. ಒಂದಕ್ಷರವೂ ಇಲ್ಲ."

ನಾನು ತಲೆ ತಗ್ಗಿಸಿದೆ. ಅವನೂ ಸಂಬಳಕ್ಕೆ ದುಡಿಯುವವನು.

ಪ್ರೊಡ್ಯೂಸರ್ ಕಥೆಯತ್ತ ತಿರುಗಿದರು. "ನಿನಗೆ ಗೊತ್ತಿರಬೇಕಲ್ಲ. ಹೇಳು, ಏನಂದಿದ್ದಾರೆ?"

"ಸಹಾಯಕ್ಕೆ ಬಂದೋಳು ಸರ್ ನಾನು," ಎಂದಳು. "ಅಳಿಯಂದಿರನ್ನ ಕೇಳಿ."

ಕೊನೆಗೆ ಅವರು ನನ್ನನ್ನು ಹಿಡಿದುಕೊಂಡರು. "ಟೀಚರಮ್ಮ, ನೀವು ಓದಿದವರು. ಇವರಿಗೆ ಬುದ್ಧಿ ಹೇಳಿ."

"ಓದು ಬರೋದರಿಂದಲೇ ಆ ಹೆಸರು ನನಗೂ ಕಂಡಿತು ಸ್ವಾಮಿ," ಎಂದೆ. ಆ ದಿನ ನಮ್ಮ ಕಡೆಯಿಂದ ಮತ್ತೇನೂ ರೆಕಾರ್ಡಾಗಲಿಲ್ಲ.

ಅವರು ನಮಗೆ ಕೇಳಲೆಂದೇ ಸ್ಪೀಕರ್ ಆರಿಸದೆ ಮಾಲೀಕನಿಗೆ ಫೋನ್ ಮಾಡಿದರು. ಗೇಟಿನೊಳಗೆ ಬಿಡಬೇಡ ಎಂದರು. ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡು ಹೊರಟರು.

ನಾವು ಸ್ಟುಡಿಯೋದ ಮೆಟ್ಟಿಲ ಮೇಲೆ ಕೂತೆವು. "ನನ್ನಿಂದ ನಿಮ್ಮ ಅನ್ನ ಹೋಯ್ತು," ಎಂದು ಕಥೆ ಬಿಕ್ಕಿದಳು.

"ನಿನ್ನಿಂದ ಅಲ್ವೇ, ಅವನಿಂದ," ಎಂದಳು ದೊಡ್ಡಕ್ಕ. "ನಾಳೆ ಬೆಳಿಗ್ಗೆ ಗೇಟ್ ಹತ್ರ ನಿಲ್ಲೋಣ. ಒಳಗಿರೋರಿಗೆ ಹೇಳೋಣ. ನಮ್ಮನ್ನ ಬಿಡ್ಲಿಲ್ಲ ಅಂದ್ರೆ ಅವರೂ ರೋಲರ್ ಮುಟ್ಟಬಾರದು."

"ಅವರು ಕೇಳ್ತಾರಾ ಅಕ್ಕ?" ಗುಂಗುರು ಕೇಳಿದಳು.

"ಗೊತ್ತಿಲ್ಲ."

"ನಾನೂ ಬರ್ತೀನಿ," ಎಂದೆ. "ಕುರ್ಚಿ ತಗೊಂಡು ಬನ್ನಿ ಟೀಚರಮ್ಮ, ಹೊತ್ತಾಗುತ್ತೆ," ಎಂದಳು ದೊಡ್ಡಕ್ಕ. ಯಾರೋ ನಕ್ಕರು.

ಬೆಳಿಗ್ಗೆಯಿಂದ ಯಾರೂ ಏನೂ ತಿಂದಿರಲಿಲ್ಲ. ಹಿಂದೆ ಬಾಗಿಲು ತೆರೆದ ಸದ್ದಾಯಿತು. ಸೌಂಡಿನವನು ತನ್ನ ಊಟದ ಡಬ್ಬಿ ಹಿಡಿದು ನಿಂತಿದ್ದ. ಮೆಟ್ಟಿಲಿಳಿದು ಬಂದ. ಮುಚ್ಚಳ ಬಿಗಿಯಾಗಿತ್ತೇನೋ, ತಾನೇ ತಿರುಗಿಸಿ ಸಡಿಲ ಮಾಡಿದ. ಡಬ್ಬಿಯನ್ನು ಕಥೆಯ ಕೈಗೆ ಕೊಟ್ಟು ಒಳಗೆ ಹೋದ.