ಅತ್ತಿಗೆಯ ಸರದಿ

"ಅಮ್ಮಾ, ನಿಲ್ಲಿ ನಿಲ್ಲಿ! ಪೆಟ್ಟಿಗೆ ಆಗಲೇ ಒಂದು ಒಳಗೆ ಹೋಯ್ತು. ಇದ್ಯಾರದ್ದು ಎರಡನೇದು?" ಸ್ಮಶಾನದ ಕಾವಲುಗಾರ ಗೇಟಿಗೆ ಅಡ್ಡ ನಿಂತ.

ಆಳೆತ್ತರದ ಕರಿ ಪೆಟ್ಟಿಗೆಯನ್ನು ಓರೆ ಮಾಡಿ ತೂರಿಸುತ್ತಿದ್ದ ನಾದಿನಿಗೆ ಏದುಸಿರು. "ಇದರಲ್ಲಿರೋದು ಬೇಸ್ ಪಿಟೀಲು ಕಣಪ್ಪಾ. ಹೊತ್ತೂ ಹೊತ್ತೂ ಹೆಣ ಆಗ್ತಿರೋಳು ನಾನು."

ಹಿಂದಿನಿಂದ ನೂಕುತ್ತಿದ್ದ ಡ್ರಮ್ಮಿನವಳು ಕಿಸಕ್ಕನೆ ನಕ್ಕಳು. ಸ್ಯಾಕ್ಸೋಫೋನ್ ಊದುವ ಮಾತಿನಮಲ್ಲಿ ಮಾತ್ರ ಅವತ್ತು ಗಂಭೀರ. "ನಗಬೇಡ್ರೇ. ಶುರುವೇನೋ ಮಾಡ್ತೀವಿ. ನಿಲ್ಲಿಸೋದು ಯಾರು?"

ತೀರಿಕೊಂಡ ಅತ್ತಿಗೆ ಟ್ರಂಪೆಟ್ ಊದುತ್ತಿದ್ದಳು. ಈ ಹೆಂಗಸರ ಜಾಜ್ ತಂಡ ಕಟ್ಟಿದವಳೂ ಅವಳೇ. ಮೊದಲು ಎಲ್ಲರೂ ಸೇರಿ ಪಲ್ಲವಿ ನುಡಿಸುತ್ತಿದ್ದರು. ಆಮೇಲೆ ಒಬ್ಬೊಬ್ಬರೂ ಸರದಿ ಬಂದಾಗ ಮನಸ್ಸು ಹರಿದ ಕಡೆ ಹೋಗುತ್ತಿದ್ದರು. ಅತ್ತಿಗೆ ಅಂಗೈಯಿಂದ ತಲೆ ತಟ್ಟಿಕೊಂಡರೆ, ಯಾರು ಎಲ್ಲೇ ಇರಲಿ, ಪಲ್ಲವಿಗೆ ವಾಪಸ್ ಬಂದು ಮುಗಿಸಬೇಕು. ಆ ತಂಡದಲ್ಲಿ ಬೇರೆ ಯಾರೂ ತಲೆ ತಟ್ಟಿಕೊಂಡವರಲ್ಲ.

"ಇನ್ಯಾರು, ನೀನೇ ನಿಲ್ಲಿಸು," ಎಂದಳು ಡ್ರಮ್ಮಿನವಳು ನಾದಿನಿಗೆ.

"ನನ್ನ ಎರಡೂ ಕೈ ತಂತಿ ಮೇಲಿರುತ್ತೆ. ಕಾಲಲ್ಲಿ ತಟ್ಕೊಳ್ಲಾ?"

ನಗಿಸಿ ಜಾರಿಕೊಂಡಳು ನಾದಿನಿ. ಆ ಹಾಡು ಮುಗಿದರೆ ಅತ್ತಿಗೆಯೂ ಮುಗಿದಂತೆ, ತಂಡವೂ ಮುಗಿದಂತೆ. ಅದು ತನ್ನ ಕೈಯಿಂದಾಗುವುದು ಬೇಡ.

*

ಅತ್ತಿಗೆ ತಂಡ ಕಟ್ಟುವ ಹೊತ್ತಿಗೆ ನಾದಿನಿ ಬಟ್ಟೆ ಹೊಲಿಯುತ್ತಿದ್ದಳು. "ಮಷೀನ್ ತುಳಿಯೋ ಕಾಲು ತಾಳ ತಪ್ಪಲ್ಲ, ಬಾರೇ," ಎಂದು ಎಳೆದುಕೊಂಡು ಹೋಗಿ ಬೇಸ್ ಕೈಗೆ ಕೊಟ್ಟವಳು ಅತ್ತಿಗೆ. ಮೊದಲ ಕಾರ್ಯಕ್ರಮ ಒಂದು ಹೋಟೆಲಿನಲ್ಲಿ. "ಹೆಂಗಸರು, ಬೇಗ ಸುಸ್ತಾಗ್ತೀರಿ. ಆಮೇಲೆ ರೆಕಾರ್ಡ್ ಹಾಕ್ತೀನಿ ಬಿಡಿ," ಎಂದಿದ್ದ ಮ್ಯಾನೇಜರ್. ಅತ್ತಿಗೆ ಗಲ್ಲ ಉಬ್ಬಿಸಿ ಊದಿದ್ದೇ ಊದಿದ್ದು. ಕೊನೆಗೆ ಮ್ಯಾನೇಜರನೇ ಟೇಬಲ್ಲುಗಳ ನಡುವೆ ಕುಣಿಯುತ್ತಿದ್ದ.

"ತಲೆ ತಟ್ಕೊಳ್ಳಿ ಅತ್ತಿಗೆ, ಬೆರಳೆಲ್ಲ ಬೊಬ್ಬೆ ಬಂತು!"

"ಜನ ಕುಣೀತಿರುವಾಗ ನಿಲ್ಲಿಸೋಕೆ ನನಗೇನು ಹುಚ್ಚೇನೇ?"

*

ಗುಂಡಿಯ ಪಕ್ಕ, ಮರದ ನೆರಳಿನಲ್ಲಿ ಅತ್ತಿಗೆಯ ಮಗ ನಿಂತಿದ್ದ. ಶಾಲೆಯೊಂದರ ಹೆಡ್‌ಮಾಸ್ಟರ್, ನಕ್ಕರೆ ಹಾಜರಿ ತಪ್ಪುತ್ತದೇನೋ ಎಂಬಂಥ ಮುಖ. "ಅತ್ತೆ, ಒಂದೇ ಹಾಡು. ಮೆಲ್ಲಗೆ. ಮರ್ಯಾದೆಯಾಗಿರಲಿ."

"ಆಯ್ತಪ್ಪಾ."

ಮೆಲ್ಲಗೇ ಶುರುವಾಯಿತು. ಆದರೆ ಡ್ರಮ್ಮಿನವಳ ಕೈ ಕೇಳಬೇಕಲ್ಲ? ಹಾಡಿಗೆ ರೆಕ್ಕೆ ಬಂತು. ಮಾತಿನಮಲ್ಲಿ ಒಂದು ಸುತ್ತು ಊದಿದಳು, ಇನ್ನೊಂದು ಸುತ್ತು ಊದಿದಳು, ನಿಲ್ಲಿಸುವವರಿಲ್ಲದೆ ಮತ್ತೂ ಊದಿದಳು. ಬಂದವರ ಕಾಲುಗಳು ತಾವಾಗಿಯೇ ಕುಟ್ಟತೊಡಗಿದವು.

ಆಗ ಹೆಡ್‌ಮಾಸ್ಟರ್ ಬೋಳುತಲೆಯ ಮೇಲೆ ಫಟ್ಟನೆ ಬಡಿದುಕೊಂಡ.

ಅಭ್ಯಾಸ ಬಿಡಬೇಕಲ್ಲ! ಮೂವರೂ ಒಟ್ಟಿಗೆ ಪಲ್ಲವಿಗೆ ಹಾರಿ, ಹಾಡು ಮುಗಿಸಿಬಿಟ್ಟರು.

"ಯಾಕತ್ತೆ ನಿಲ್ಲಿಸಿದ್ರಿ?"

"ನೀನೇ ತಲೆ ತಟ್ಕೊಂಡ್ಯಲ್ಲೋ!"

"ಸೊಳ್ಳೆ ಅತ್ತೆ! ಸೊಳ್ಳೆ ಕಚ್ತು!"

ಮೊದಲು ನಕ್ಕವಳು ಅವನ ಹೆಂಡತಿ. ಆಮೇಲೆ ಯಾರನ್ನೂ ಹಿಡಿಯುವಂತಿರಲಿಲ್ಲ. ನಾದಿನಿ ಬೇಸ್ ಪಿಟೀಲಿಗೆ ಒರಗಿ ಕಣ್ಣೊರೆಸಿಕೊಂಡಳು. ಇಷ್ಟು ಹೆದರಿಸಿದ್ದ ಹಾಡು ಒಂದು ಸೊಳ್ಳೆಗೆ ಮುಗಿದುಹೋಗಿತ್ತು!

ಹೆಡ್‌ಮಾಸ್ಟರ್ ಮಾತ್ರ ನಗಲಿಲ್ಲ. ಮೆಲ್ಲಗೆ ಹೇಳಿದ: "ಸ್ಯಾಕ್ಸೋಫೋನ್ ಆದ್ಮೇಲೆ ಅಮ್ಮನ ಸರದಿ. ಅದಿನ್ನೂ ಬಂದೇ ಇರಲಿಲ್ಲ."

ನಾದಿನಿ ಅವನನ್ನೇ ನೋಡಿದಳು. ಮನೆಯಲ್ಲಿ ಇವರ ಅಭ್ಯಾಸ ನಡೆಯುವಾಗ ಬಾಗಿಲು ಹಾಕಿಕೊಂಡು ಓದುತ್ತಿದ್ದ ಹುಡುಗ, ಬಾಗಿಲ ಹಿಂದೆ ಇಷ್ಟೆಲ್ಲ ಕೇಳಿಸಿಕೊಂಡಿದ್ದನೇ?

"ಮತ್ತೆ ಹಿಡೀರೇ," ಎಂದಳು.

"ನಿಲ್ಲಿಸೋದು?"

"ನನ್ನ ಮುಖ ನೋಡ್ತಿರಿ. ಕತ್ತು ಅಲ್ಲಾಡಿಸ್ತೀನಿ."

ಸ್ಯಾಕ್ಸೋಫೋನ್ ಮುಗಿದು ಅತ್ತಿಗೆಯ ಸರದಿ ಬಂದಾಗ ಬೇಸ್ ಒಂದೇ ಮುಂದೆ ನಡೆಯಿತು, ಮೊದಲು ಹುಷಾರಾಗಿ, ಆಮೇಲೆ ಜೋರಾಗಿ. ಗುಂಡಿ ತೋಡಿದವರು ಗುದ್ದಲಿಯ ಹಿಡಿಯ ಮೇಲೆ ತಾಳ ಹಾಕುತ್ತಿದ್ದರು. ಹೆಡ್‌ಮಾಸ್ಟರ ಎರಡೂ ಕೈಗಳನ್ನು ಹೆಂಡತಿ ಬಿಗಿಯಾಗಿ ಹಿಡಿದುಕೊಂಡಿದ್ದಳು. ಅವನ ಬೋಳುತಲೆಯ ಮೇಲೆ ಇನ್ನೊಂದು ಸೊಳ್ಳೆ ಬಂದು ಕೂತಿತ್ತು. ಅವನು ಕಣ್ಣು ಮುಚ್ಚಿ, ಅಲ್ಲಾಡದೆ, ಅದಕ್ಕೆ ಊಟ ಬಡಿಸುತ್ತಾ ನಿಂತಿದ್ದ.