ಹಿಂದೆ ಭಾವಮೈದ ಬೇಡ, ತೂಕ ಸಿಕ್ಕಿಸಿ

ಮೊದಲ ಹುಲ್ಲು ಕೊಯ್ಲು ಮುಗಿದರೆ ಸಾಕು, ನಮ್ಮ ಸೋಗ್ನ್ ಕಡೆಯ ಹೊಲಗಳ ತುಂಬಾ ಬಿಳಿ ಪ್ಲಾಸ್ಟಿಕ್ ಸುತ್ತಿದ ಹುಲ್ಲಿನ ಉಂಡೆಗಳು. ಟ್ರ್ಯಾಕ್ಟರ್ ಇಟ್ಟ ಮೊಟ್ಟೆ ಅಂತಲೇ ನಾವು ಕರೆಯುವುದು. ಈ ಸಲ ನಮ್ಮೂರ ರೈತ ಸಿಗ್ವಾರ್ಟನ ಹುಲ್ಲು ಮಳೆಗೆ ನೆನೆದು, ಒಂದೊಂದು ಮೊಟ್ಟೆಯೂ ಹೆಣಭಾರ. ಟ್ರ್ಯಾಕ್ಟರಿನ ಮುಂದೆ ಭಾರ ಎತ್ತುವ ಲೋಡರಿನಿಂದ ಒಂದನ್ನು ಎತ್ತಿದ್ದೇ ತಡ, ಹಿಂದಿನ ಚಕ್ರಗಳು ನೆಲ ಬಿಟ್ಟವು!

ಅದಕ್ಕೆ ಮಹಾಶಯ ಹೂಡಿದ ಉಪಾಯ ಕೇಳಿ. ಹೆಂಡತಿ ಓಸ್ನೆಯ ತಮ್ಮ ಹಲ್ಡೋರನನ್ನು ಭಾರಕ್ಕೆಂದು ಟ್ರ್ಯಾಕ್ಟರಿನ ಹಿಂಭಾಗಕ್ಕೆ ಹತ್ತಿಸಿ ನಿಲ್ಲಿಸಿದ. ಹಲ್ಡೋರ್ ದಢೂತಿ ಆಸಾಮಿ. ಶನಿವಾರ ಅವನ ಮದುವೆ ಬೇರೆ.

"ಭಾವಾ, ನನ್ನ ಹೊಟ್ಟೆಗೂ ಒಂದು ಕೆಲ್ಸ ಸಿಕ್ತು ನೋಡು!" ಎಂದು ಅಲ್ಲಿಂದಲೇ ಹೊಲದಲ್ಲಿದ್ದ ಎಲ್ಲರಿಗೂ ಕೈಬೀಸಿದ.

ಇಳಿಜಾರಿನಲ್ಲಿ ಸಿಗ್ವಾರ್ಟ್ ಬ್ರೇಕ್ ಒತ್ತಿದ. ಹಿಂಭಾಗ ಪುಟಿದು, ಹಲ್ಡೋರ್ ಹಾರಿ ಹುಲ್ಲಿನ ಮೇಲೆ ಬಿದ್ದ. ಚಕ್ರ ಬಂದು ಕೂತದ್ದು ಅವನ ಕಾಲಿನಿಂದ ಗೇಣು ದೂರದಲ್ಲಿ. ಅವನು ನಕ್ಕ. ಓಸ್ನೆ ಓಡಿ ಬಂದಳು.

"ನಗ್ತೀಯೇನೋ ಕತ್ತೆ? ಚಕ್ರ ಮೇಲೆ ಹತ್ತಿದ್ರೆ ಶನಿವಾರ ಆ ಹುಡುಗಿಗೆ ಏನು ಹೇಳ್ಲಿ?" ಎಂದು ತಮ್ಮನನ್ನು ಬೈದು, ಗಂಡನ ಕಡೆ ತಿರುಗಿದಳು. "ರೀ, ನನ್ನ ತಮ್ಮ ಏನು ಕಲ್ಲುಗುಂಡೇನ್ರೀ?"

ಅವಳೇ ಫೋನ್ ಮಾಡಿ ರಿಪೇರಿ ಅಂಗಡಿಯ ಬೋರ್ಗಿಲಕ್ಕನನ್ನು ಕರೆಸಿದಳು.

"ಬಿಡಕ್ಕ, ಭಾರಕ್ಕೆ ಹಿಂದಿನ ಟೈರಿಗೆ ನೀರು ತುಂಬಿಸ್ತೀನಿ," ಎಂದ ಸಿಗ್ವಾರ್ಟ್.

"ಬರೀ ನೀರಾ? ಜನವರೀಲಿ ಟೈರೊಳಗೆ ಮಂಜುಗಡ್ಡೆ ಕಟ್ಕೊಂಡು ಓಡಾಡ್ತೀಯಾ?" ಬೋರ್ಗಿಲಕ್ಕ ನಕ್ಕಳು. "ಹೆಪ್ಪುಗಟ್ಟದ ದ್ರವ ತುಂಬಿಸ್ಬಹುದು. ವರ್ಷವಿಡೀ ಇಳಿಜಾರಲ್ಲೇ ದುಡಿಯೋರಿಗೆ ಅದು ಒಳ್ಳೇದೇ, ಭಾರ ತಳದಲ್ಲಿರುತ್ತೆ. ಆದ್ರೆ ನಿನ್ನ ಕೆಳಗಿನ ಹೊಲ ಜೌಗು. ಟೈರೊಳಗಿನ ಭಾರ ಬೇಡ ಅಂದಾಗ ಇಳಿಸೋಕಾಗುತ್ತಾ? ನೆಲ ಅದುಮಿ ಗಟ್ಟಿಯಾದ್ರೆ ಹುಲ್ಲು ಏಳಲ್ಲಪ್ಪ."

"ಮತ್ತೇನ್ ಮಾಡ್ಲಿ?"

"ಹಿಂದೆ ನೇಗಿಲು ಸಿಕ್ಕಿಸ್ತೀಯಲ್ಲ, ಅಲ್ಲಿಗೆ ಕಾಂಕ್ರೀಟ್ ತೂಕ ಸಿಕ್ಕಿಸು. ಕೆಲ್ಸ ಮುಗಿದ್ಮೇಲೆ ಬಿಚ್ಚಿಡು. ಎಷ್ಟು ಭಾರ ಬೇಕು ಅಂತ ಟ್ರ್ಯಾಕ್ಟರ್ ಕೈಪಿಡೀಲಿದೆ. ಉಂಡೆ ನೆಲಕ್ಕೆ ಹತ್ತಿರಾನೇ ಇರ್ಲಿ, ಆಕಾಶಕ್ಕೆ ಎತ್ಕೊಂಡು ಓಡಿಸ್ಬೇಡ."

"ಕಾಂಕ್ರೀಟ್ ಹೊತ್ಕೊಂಡು ಓಡಾಡಿದ್ರೆ ಡೀಸೆಲ್ ಖರ್ಚಾಗಲ್ವಾ?"

"ನಿನ್ನ ಭಾಮೈದನ್ನ ಹೊತ್ಕೊಂಡು ಓಡಾಡಿದಾಗ ನೆನಪಾಗ್ಲಿಲ್ವಾ ಡೀಸೆಲ್ಲು?"

ಸಿಗ್ವಾರ್ಟ್ ಕೆಂಪಗಾದ. ಕೈಪಿಡಿ ನೋಡಿ, ಅಂಗಡಿಯಿಂದ ತಕ್ಕ ತೂಕ ತಂದು ಸಿಕ್ಕಿಸಿದರು. ಉಂಡೆ ಎತ್ತಿದರೂ ಹಿಂದಿನ ಚಕ್ರಗಳು ನೆಲ ಕಚ್ಚಿ ಕೂತವು. ಇಡೀ ಹೊಲ ಚಪ್ಪಾಳೆ ಹೊಡೆಯಿತು!

"ಅಯ್ಯೋ, ನನ್ನ ಕೆಲ್ಸ ಹೋಯ್ತಲ್ಲೋ!" ಎಂದ ಹಲ್ಡೋರ್.

"ಹೋಗ್ಲಿ ಬಿಡು, ನೀನಿದ್ದೀಯಲ್ಲ," ಎಂದು ಓಸ್ನೆ ಅವನ ತಲೆಗೊಂದು ಮೊಟಕಿ, ಅವನನ್ನು ತಬ್ಬಿಕೊಂಡು ಅತ್ತೇಬಿಟ್ಟಳು. ಆಮೇಲೆ ಎಲ್ಲರಿಗೂ ಕಂದು ಚೀಸ್ ಹಾಕಿದ ವಾಫಲ್ ಹಂಚಿದಳು.

ರೈತಬಂಧುಗಳೇ, ಟೈರಿಗೆ ಭಾರ ತುಂಬುವ ಮೊದಲು ನಿಮ್ಮ ನೆಲ ಎಂಥದ್ದು, ಕೆಲಸ ಎಂಥದ್ದು ನೋಡಿ, ತಿಳಿದವರನ್ನು ಕೇಳಿ. ಲೋಡರ್ ಎತ್ತುವಾಗ ಹಿಂದೆ ತಕ್ಕ ತೂಕ ಇರಲಿ. ಮನುಷ್ಯರನ್ನು ಮಾತ್ರ ಎಂದೂ ಅಲ್ಲಿ ನಿಲ್ಲಿಸಬೇಡಿ. ಕಾಂಕ್ರೀಟ್ ಒಡೆದರೆ ಇನ್ನೊಂದು ಎರಕ ಹೊಯ್ಯಬಹುದು. ತಮ್ಮನನ್ನು ಎಲ್ಲಿಂದ ತರುತ್ತೀರಿ?