ಅಣ್ಣ ಹಾಕಿದ ಬೀಗ

ನಮ್ಮ ಮಾವ ತಮ್ಮ ಬೀಗದ ಕಸುಬನ್ನು ಇಬ್ಬರು ಮಕ್ಕಳಿಗೂ ಹಂಚಿಕೊಟ್ಟಿದ್ದರು. ದೊಡ್ಡವನು ಬೀಗ ಮಾಡಬೇಕು, ಚಿಕ್ಕವನು ಬೀಗದ ಕೈ ಕಳೆದುಕೊಂಡವರ ಬಾಗಿಲು ತೆಗೆದುಕೊಡಬೇಕು. ಮನೆಯನ್ನು ಮಾತ್ರ ಹಂಚದೆ ಕಣ್ಣು ಮುಚ್ಚಿದರು. ಆ ಚಿಕ್ಕವರೇ ನನ್ನ ಗಂಡ.

ನಾವು ನನ್ನ ತವರಿಗೆ ಹೋಗಿ ಬರುವಷ್ಟರಲ್ಲಿ ಭಾವ ಮುಂಬಾಗಿಲಿಗೆ ಹೊಸ ಬೀಗ ಕೂರಿಸಿ, ಹಿಂಬಾಗಿಲಿಗೆ ಇಟ್ಟಿಗೆ ಕಟ್ಟಿಸಿ, ಮನೆಯೆಲ್ಲ ತನ್ನದೇ ಎಂದು ಪಟ್ಟಾಗಿ ಕೂತಿದ್ದ. ನಾವು ಇವರ ಅಂಗಡಿಯ ಹಿಂದಿನ ಕೋಣೆ ಸೇರಿದೆವು. ಹಾಸಿಗೆ ಕೊಡವಿದರೆ ಅಲ್ಲೂ ಕಬ್ಬಿಣದ ಪುಡಿ.

"ಹೇಗಾದ್ರೂ ಒಳಗೆ ಕಾಲಿಡಿ. ಸ್ವಾಧೀನ ಇದ್ದೋರ ಕೈಯೇ ಮೇಲು," ಎಂದರು ನಾವು ಸಲಹೆ ಕೇಳಲು ಹೋದ ವಕೀಲರು.

"ಬೀಗ ತೆಗೆಯೋದು ನಿಮ್ಗೆ ಎಡಗೈ ಕೆಲ್ಸ ಅಲ್ವಾ?" ನಾನೂ ಕುಟುಕಿದೆ.

"ಅದೊಂದು ನನ್ನ ಕೈಲಾಗಲ್ಲ ಕಣೇ," ಎಂದು ಇವರು ಯಾವುದೋ ಬೀಗದ ಕೈಗೆ ಅರ ತಿಕ್ಕುತ್ತಾ ಕೂತರು. ಅಣ್ಣನೆಂದರೆ ಇಷ್ಟು ಪುಕ್ಕಲೇ ಎಂದು ನನಗೆ ಮೈಯೆಲ್ಲ ಉರಿಯಿತು.

ಭಾವನಿಗೋ ತಮ್ಮನ ಬೆರಳುಗಳದೇ ಭಯ. ಬೀಗಕ್ಕೆ ದಿನಕ್ಕೊಂದು ಹೊಸ ಪೇಚು ಸೇರಿಸುತ್ತಾ ಹೋದ. ಒಂದು ಬೆಳಿಗ್ಗೆ ಒಳಗಿನಿಂದ ಬಾಗಿಲು ತೆಗೆಯಹೋದರೆ ಅದು ಅವನ ಕೈಗೂ ಜಗ್ಗಲಿಲ್ಲ. ಮಹಾಶಯ ತನ್ನ ಜಾಣತನದೊಳಗೆ ತಾನೇ ಸಿಕ್ಕಿಬಿದ್ದಿದ್ದ! ಕಿಟಕಿಗೆಲ್ಲ ಸರಳು. ಮಧ್ಯಾಹ್ನದವರೆಗೂ ಬೆವರು ಸುರಿಸಿ, ಸೋತು ಸುಣ್ಣವಾಗಿ ತಮ್ಮನಿಗೆ ಫೋನ್ ಮಾಡಿದ.

ನಾವು ಹೋದಾಗ ಬೀದಿಗೆ ಬೀದಿಯೇ ನೆರೆದಿತ್ತು. ಇವರು ಚೀಲ ಕೆಳಗಿಟ್ಟು, ಬೀಗ ಮುಟ್ಟುವ ಮೊದಲು ಎಲ್ಲ ಬಾಗಿಲಲ್ಲೂ ಕೇಳುವ ಪ್ರಶ್ನೆಯನ್ನೇ ಕೇಳಿದರು.

"ಮನೆ ಯಾರ್ದು?"

"ಇದೇನೋ ತಮಾಷೆ? ನಂದು!" ಭಾವ ಕಿಟಕಿಯಿಂದ ರೇಗಿದ.

ಇವರು ಚೀಲವನ್ನು ಮತ್ತೆ ಹೆಗಲಿಗೇರಿಸಿದರು. "ಸುಳ್ಳು ಹೇಳಿದೋರ ಬೀಗ ನಾನು ತೆಗೆಯಲ್ಲ."

"ಏ, ನಿಲ್ಲೋ!" ಭಾವನ ಮುಖ ಹುಳ್ಳಗಾಯಿತು. ನೆರೆದವರನ್ನೆಲ್ಲ ಒಮ್ಮೆ ನೋಡಿ ತಲೆ ತಗ್ಗಿಸಿದ. "ನಮ್ದು ಕಣೋ. ನಮ್ಮಿಬ್ರದ್ದೂ."

ಇವರು ಮಂಡಿಯೂರಿ ತಂತಿ ತೂರಿಸಿದರು. ನಾನು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಬಾಗಿಲು ತೆರೆದಿತ್ತು.

ಭಾವ ಬೀಗವನ್ನೂ ತಮ್ಮನನ್ನೂ ಪಿಳಿಪಿಳಿ ನೋಡಿದ. "ಇಷ್ಟು ಸಲೀಸಾ? ಮತ್ತೆ ಇಷ್ಟು ದಿನ ಯಾಕೋ ಸುಮ್ನಿದ್ದೆ?"

"ಯಾರೂ ಕರೀದೆ ಯಾವ ಬೀಗಕ್ಕಾದ್ರೂ ಕೈ ಹಾಕಿದೀನಾ ಅಣ್ಣಾ?"

ಭಾವ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಇಂಥವರನ್ನು ಪುಕ್ಕಲ ಎಂದುಕೊಂಡಿದ್ದೆನಲ್ಲ! ಇವರು ಇನ್ನೂ ಚೀಲ ಕಟ್ಟುತ್ತಿದ್ದರು. ನಾನು ಕಾಯಲಿಲ್ಲ, ತಲೆ ಎತ್ತಿಕೊಂಡು ಅವರಿಗಿಂತ ಮೊದಲೇ ನಮ್ಮ ಮನೆಯೊಳಗೆ ಹೋದೆ.